ವೆಬ್ ಅನಿಮೇಷನ್ ಕಲಿಯಲು ಮೊದಲ ಪುಸ್ತಕ: ಪದೇ ಪದೇ ಕೇಳುವ ಪ್ರಶ್ನೆಗಳು

"ಅನಿಮೇಷನ್ ಕಲಿಯಬೇಕು, ಒಂದು ಒಳ್ಳೆ ಪುಸ್ತಕ ಹೇಳಿ" ಎಂದು ಕೇಳುವವರಿಗೆ ಒಂದೇ ಉತ್ತರವನ್ನು ಬೇರೆ ಬೇರೆ ಮಾತಲ್ಲಿ ಬರೆದು ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಪುಸ್ತಕದ ಹೆಸರು ಮಾತ್ರ ಇಲ್ಲಿ ಸಿಗುವುದಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಈ ವಿಷಯದ ಪುಸ್ತಕ ಹಾಲಿನ ಪ್ಯಾಕೆಟ್ ಇದ್ದ ಹಾಗೆ, ತಾರೀಕು ನೋಡಿಯೇ ಕೊಳ್ಳಬೇಕು. ನಾನು ಇವತ್ತು ಒಂದು ಹೆಸರು ಹೇಳಿದರೆ ಎರಡು ವರ್ಷದಲ್ಲಿ ಅದೂ ಹುಳಿ, ಈ ಬರಹವೂ ಹುಳಿ.

ಸುತ್ತಿ ಬಳಸಿ ಹೇಳಬೇಡಿ. ಯಾವ ತರಹದ ಪುಸ್ತಕ ಕೊಳ್ಳಲಿ?

ಮೊದಲು ಹೇಳಿ, ನಿಮ್ಮ ಕೈಯಿಂದ ಏನು ಹೊರಗೆ ಬರಬೇಕು? ಕಣ್ಣು ಮಿಟುಕಿಸುವ, ಕೈ ಬೀಸುವ ಕಾರ್ಟೂನ್ ಗೊಂಬೆಯೋ? ಹಾಗಾದರೆ ಅಡೋಬಿ ಅನಿಮೇಟ್ ತರಹದ, ಚಿತ್ರಗಳನ್ನು ಸಮಯದ ಪಟ್ಟಿಯ ಮೇಲೆ ಸಾಲಾಗಿ ಜೋಡಿಸುವ ಟೈಮ್‌ಲೈನ್ ತಂತ್ರಾಂಶದ ಪುಸ್ತಕ ಬೇಕು. ವೆಬ್ ಪುಟದ ಮೆನು ಜಾರಿ ಬರುವುದು, ಬಟನ್ ಮುಟ್ಟಿದಾಗ ಸ್ವಲ್ಪ ಉಬ್ಬುವುದು, ಇಂಥದ್ದೋ? ಅದಕ್ಕೆ ಸಿಎಸ್‌ಎಸ್ (ವೆಬ್ ಪುಟದ ರೂಪ ಹೇಗಿರಬೇಕು ಅಂತ ಹೇಳುವ ಭಾಷೆ) ಅನಿಮೇಷನ್ ಪುಸ್ತಕ ಸಾಕು, ಯಾವ ತಂತ್ರಾಂಶವನ್ನೂ ಕೊಳ್ಳಬೇಕಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಹಣ ಕಳಿಸಿದಾಗ ಟಿಕ್ ಗುರುತು ಕುಣಿಯುತ್ತದಲ್ಲ, ಅಂಥದ್ದೋ? ಅದು ಹೆಚ್ಚಾಗಿ ಅಡೋಬಿಯ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಮಾಡಿ, ಆ್ಯಪ್ ಓಡಿಸಬಲ್ಲ ಲಾಟಿ ಎಂಬ ಬಗೆಯ ಫೈಲ್ ಆಗಿ ತೆಗೆಯುವ ಕೆಲಸ, ಇಲ್ಲವೇ ರೈವ್ ಎಂಬ ತಂತ್ರಾಂಶದಲ್ಲಿ ಮಾಡುವ ಕೆಲಸ.

ಈ ಮೂರಕ್ಕೂ ಪುಸ್ತಕ ಬೇರೆ ಬೇರೆ. ಮೂರನ್ನೂ ಒಂದರಲ್ಲೇ ಕಲಿಸುತ್ತೇವೆ ಎನ್ನುವ ಪುಸ್ತಕವನ್ನು ಇದ್ದಲ್ಲೇ ಇಟ್ಟು ಬನ್ನಿ.

ಏನು ಬೇಕು ಅಂತಲೇ ಗೊತ್ತಿಲ್ಲದವರು ಸಿಎಸ್‌ಎಸ್‌ನಿಂದ ಶುರು ಮಾಡಿ. ಅದು ಒಂದು ಕಂಪನಿಯ ಸೊತ್ತಲ್ಲ, ಎಲ್ಲ ಬ್ರೌಸರ್‌ಗಳೂ ಒಪ್ಪಿಕೊಂಡಿರುವ ಭಾಷೆ. ಒಂದು ಕಂಪನಿಯ ಸೊತ್ತಾದರೆ ಏನಾಗುತ್ತದೆ ಅನ್ನುವುದಕ್ಕೆ ಮುಂದಿನ ಪ್ರಶ್ನೆ ನೋಡಿ.

ಅಣ್ಣನ ಹಳೆಯ ಫ್ಲ್ಯಾಶ್ ಪುಸ್ತಕ ಮನೆಯಲ್ಲಿದೆ. ಅದನ್ನೇ ಓದಬಹುದಾ?

ಅರ್ಧ ಓದಬಹುದು. ಯಾವ ಅರ್ಧ ಅಂತ ತಿಳಿಯಲು ಸ್ವಲ್ಪ ಹಳೆಯ ಕಥೆ ಬೇಕು.

ಫ್ಲ್ಯಾಶ್ ಅನ್ನುವುದು ವೆಬ್‌ಗೆ ಅನಿಮೇಷನ್ ಮಾಡುವ ತಂತ್ರಾಂಶ, ಮೊದಲು ಅದು ಫ್ಯೂಚರ್‌ಸ್ಪ್ಲ್ಯಾಶ್ ಅನಿಮೇಟರ್ ಅಂತ ಇತ್ತು. ಅದನ್ನು ಮಾಡಿದ್ದು ಫ್ಯೂಚರ್‌ವೇವ್ ಎಂಬ ಚಿಕ್ಕ ಕಂಪನಿ. 1996ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯ ಆ ಕಂಪನಿಯನ್ನು ಕೊಂಡು ಹೆಸರು ಬದಲಿಸಿತು. 2005ರಲ್ಲಿ ಮ್ಯಾಕ್ರೋಮೀಡಿಯವನ್ನೇ ಅಡೋಬಿ ಕೊಂಡಿತು. ಒಂದು ಕಾಲಕ್ಕೆ ವೆಬ್‌ನಲ್ಲಿ ಅಲ್ಲಾಡುವುದೆಲ್ಲ ಫ್ಲ್ಯಾಶೇ. ಆಮೇಲೆ ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಯಾಕೆ ಬಿಡುವುದಿಲ್ಲ ಅಂತ ಸ್ಟೀವ್ ಜಾಬ್ಸ್ 2010ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರವನ್ನೇ ಬರೆದರು. 2016ರಲ್ಲಿ ಆ ತಂತ್ರಾಂಶದ ಹೆಸರು ಫ್ಲ್ಯಾಶ್ ಪ್ರೊಫೆಷನಲ್ ಹೋಗಿ ಅಡೋಬಿ ಅನಿಮೇಟ್ ಆಯಿತು. 2020ರ ಡಿಸೆಂಬರ್ 31ಕ್ಕೆ, ಬ್ರೌಸರ್‌ನಲ್ಲಿ ಫ್ಲ್ಯಾಶ್ ಓಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಂತಿತು, 2021ರ ಜನವರಿ 12ರಿಂದ ಪ್ಲೇಯರ್ ತಾನೇ ಫ್ಲ್ಯಾಶ್ ಫೈಲ್‌ಗಳನ್ನು ಓಡಿಸಲು ನಿರಾಕರಿಸತೊಡಗಿತು.

ಅಂದರೆ, ಅಣ್ಣನ ಪುಸ್ತಕ ನೋಡಿ ನೀವು ಮಾಡಿದ ಎಸ್‌ಡಬ್ಲ್ಯೂಎಫ್, ಅಂದರೆ ಫ್ಲ್ಯಾಶ್ ಫೈಲ್, ಇವತ್ತು ಬ್ರೌಸರ್‌ನಲ್ಲಿ ತಾನಾಗಿ ಓಡುವುದಿಲ್ಲ. ರಫಲ್ ಎಂಬ ಉಚಿತ ಎಮ್ಯುಲೇಟರ್ ಹಳೆಯ ಫೈಲ್‌ಗಳನ್ನು ಓಡಿಸುತ್ತದೆ, ಇಂಟರ್ನೆಟ್ ಆರ್ಕೈವ್ ಹಳೆಯ ಫ್ಲ್ಯಾಶ್ ಆಟಗಳನ್ನು ಅದರ ಬಲದಿಂದಲೇ ಉಳಿಸಿಕೊಂಡಿದೆ. ಆದರೆ ಹೊಸದಾಗಿ ಕಲಿಯುವವರು ಆ ದಾರಿ ಹಿಡಿಯುವುದು ಬೇಡ.

ಆ ಪುಸ್ತಕದಲ್ಲಿ ಉಳಿಯುವುದು ಲೇಯರ್ (ಒಂದರ ಮೇಲೊಂದು ಪದರ), ಕೀಫ್ರೇಮ್ (ಚಲನೆಯ ಮುಖ್ಯ ಚಿತ್ರ), ಸಿಂಬಲ್ (ಮತ್ತೆ ಮತ್ತೆ ಬಳಸುವ ಚಿತ್ರ), ಟ್ವೀನ್ (ಎರಡು ಕೀಫ್ರೇಮ್ ನಡುವಿನದ್ದನ್ನು ತಂತ್ರಾಂಶವೇ ತುಂಬುವುದು), ಮಾಸ್ಕ್ (ಒಂದು ಭಾಗ ಮಾತ್ರ ಕಾಣಿಸುವ ಮುಸುಕು) ಇವುಗಳ ಅಧ್ಯಾಯ. ಎಫ್5 ಒತ್ತಿದರೆ ಫ್ರೇಮ್, ಎಫ್6 ಒತ್ತಿದರೆ ಕೀಫ್ರೇಮ್, ಎಫ್8 ಒತ್ತಿದರೆ ಸಿಂಬಲ್. ಇದು ಅನಿಮೇಟ್‌ನಲ್ಲೂ ಹಾಗೇ ಇದೆ. ಪ್ರಕಟಣೆ, ಆಕ್ಷನ್‌ಸ್ಕ್ರಿಪ್ಟ್ (ಫ್ಲ್ಯಾಶ್‌ನ ಕೋಡ್ ಭಾಷೆ), ವಿಡಿಯೊ ಪ್ಲೇಯರ್ ಅಂತ ಇರುವ ಅಧ್ಯಾಯಗಳನ್ನು ಮುಟ್ಟಬೇಡಿ.

ಅಂಗಡಿಯಲ್ಲಿ ನಿಂತುಕೊಂಡೇ ಪುಸ್ತಕ ಹಳೆಯದು ಅಂತ ಹೇಗೆ ಗೊತ್ತು ಮಾಡುವುದು?

ಮುಖಪುಟ ನಂಬಬೇಡಿ. ಒಳಗೆ, ಕಾಪಿರೈಟ್ ಪುಟದಲ್ಲಿ ಮುದ್ರಣದ ವರ್ಷ ಇರುತ್ತದೆ. ಅಲ್ಲೂ ಒಂದು ಮೋಸ ಉಂಟು: ಮರುಮುದ್ರಣದ ವರ್ಷ ಬೇರೆ, ಆವೃತ್ತಿಯ ವರ್ಷ ಬೇರೆ. 2022ರಲ್ಲಿ ಮರುಮುದ್ರಣ ಆಗಿದ್ದರೂ ಒಳಗಿನ ಸರಕು 2014ರದ್ದಿರಬಹುದು. ನೋಡಬೇಕಾದ್ದು ಆವೃತ್ತಿಯ ವರ್ಷ.

ಆಮೇಲೆ ಪುಟ ತಿರುಗಿಸಿ. ಅನಿಮೇಟ್ ಪುಸ್ತಕವಾದರೆ ಮೊದಲ ಎರಡು ಅಧ್ಯಾಯದೊಳಗೆ ಎಚ್‌ಟಿಎಂಎಲ್5 ಕ್ಯಾನ್ವಾಸ್ ಹೆಸರು ಬರಬೇಕು. ಬ್ರೌಸರ್ ತಾನೇ ಓಡಿಸಬಲ್ಲ ಬಗೆಯ ಡಾಕ್ಯುಮೆಂಟ್ ಅದು, ಇವತ್ತು ವೆಬ್‌ಗೆ ಬೇಕಾದದ್ದು ಅದೇ. ಅದರಲ್ಲಿ ಬರೆಯುವುದು ಬ್ರೌಸರ್‌ನ ಕೋಡ್ ಭಾಷೆಯಾದ ಜಾವಾಸ್ಕ್ರಿಪ್ಟ್, ಆಕ್ಷನ್‌ಸ್ಕ್ರಿಪ್ಟ್ ಅಲ್ಲ. ಒಂದು ಚಿಕ್ಕ ಗುರುತು ಹೇಳುತ್ತೇನೆ, ನನಗೆ ಬಹಳ ಇಷ್ಟವಾದ ಗುರುತು: ಆಕ್ಷನ್‌ಸ್ಕ್ರಿಪ್ಟ್‌ನಲ್ಲಿ ಟೈಮ್‌ಲೈನಿನ ಮೊದಲ ಫ್ರೇಮ್ ನಂಬರ್ 1, ಕ್ಯಾನ್ವಾಸ್‌ನಲ್ಲಿ ಕೋಡ್ ಬರೆಯುವಾಗ ಅದು 0. ಈ ವ್ಯತ್ಯಾಸವನ್ನು ಎಚ್ಚರಿಸಿ ಹೇಳಿರುವ ಲೇಖಕರು ತಾವೇ ಕೂತು ಮಾಡಿ ನೋಡಿದ್ದಾರೆ ಅಂತ ಅರ್ಥ.

ಇನ್ನೊಂದು, ಟ್ವೀನ್ ಬಗ್ಗೆ. 2008ರಲ್ಲಿ ಬಂದ ಫ್ಲ್ಯಾಶ್ ಸಿಎಸ್4 ಆವೃತ್ತಿಯಲ್ಲಿ ಹೊಸ ಮೋಷನ್ ಟ್ವೀನ್ ಸೇರಿತು, ಅಲ್ಲಿಯವರೆಗೆ ಇದ್ದದ್ದು ಕ್ಲಾಸಿಕ್ ಟ್ವೀನ್ ಆಯಿತು. ಪುಸ್ತಕದಲ್ಲಿ ಕ್ಲಾಸಿಕ್ ಟ್ವೀನ್ ಅನ್ನುವ ಮಾತೇ ಇಲ್ಲ ಎಂದರೆ ಅದು ಅದಕ್ಕಿಂತ ಹಳೆಯದು, ತಿರುಗಿ ಕಪಾಟಿಗೆ.

ಸಿಎಸ್‌ಎಸ್ ಪುಸ್ತಕವಾದರೆ ಕೋಡ್ ಇರುವ ಯಾವುದಾದರೂ ಪುಟ ತೆಗೆಯಿರಿ. ಪ್ರತಿ ಸಾಲಿನ ಮುಂದೆ ವೆಬ್‌ಕಿಟ್, ಮೊಜ್ ಅಂತ ಬಾಲ ಇದ್ದರೆ, ಅಲ್ಲ, ಬಾಲ ಹಿಂದೆ ಇರುತ್ತದೆ, ಕೊಂಬು ಅನ್ನೋಣ, ಹಾಗೆ ಕೊಂಬು ಇದ್ದರೆ ಅದು ಹತ್ತು ವರ್ಷಕ್ಕೂ ಹಿಂದಿನ ಪುಸ್ತಕ. ಜಿಸ್ಯಾಪ್ ಎಂಬ ಜಾವಾಸ್ಕ್ರಿಪ್ಟ್ ಅನಿಮೇಷನ್ ಸಲಕರಣೆಯ ಪುಸ್ತಕದಲ್ಲಿ ಟ್ವೀನ್‌ಮ್ಯಾಕ್ಸ್ ಎಂಬ ಪದ ತುಂಬಿದ್ದರೆ ಅದೂ ಹಳೆಯದೇ. 2019ರಲ್ಲಿ ಬಂದ ಜಿಸ್ಯಾಪ್‌ನ ಮೂರನೆಯ ಆವೃತ್ತಿಯಿಂದ ಬರೆಯುವ ರೀತಿ ಬದಲಾಗಿದೆ.

ಇಷ್ಟೆಲ್ಲ ಹೇಳ್ತೀರಲ್ಲ, ನೀವೂ ಎಡವಿದ್ದೀರಾ?

ಎಡವದೆ ಇಷ್ಟು ಗೊತ್ತಾಗುತ್ತಾ? ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯಿಂದ ಫ್ಲ್ಯಾಶ್ ಎಂಎಕ್ಸ್ 2004ರ ದಪ್ಪ ಪುಸ್ತಕ ತಂದೆ. ಚೌಕಾಸಿ ಮಾಡಿ ಅರ್ಧ ಬೆಲೆಗೆ ತಂದೆ ಅಂತ ಹೆಮ್ಮೆ ಬೇರೆ. ಹಿಂದಿನ ರಟ್ಟಿಗೆ ಅಂಟಿಸಿದ್ದ ಕವರ್‌ನಲ್ಲಿ ಸಿಡಿ ಇರಲಿಲ್ಲ. ನೋಡಿಯೂ ನೋಡದ ಹಾಗೆ ಬಂದಿದ್ದೆ.

ಲ್ಯಾಬ್‌ನಲ್ಲಿ ಇದ್ದದ್ದು ಅದಕ್ಕಿಂತ ಹೊಸದಾದ ಫ್ಲ್ಯಾಶ್ ಸಿಎಸ್3. ಪುಸ್ತಕ ಹೇಳುತ್ತಿತ್ತು, ಬಟನ್ ಮೇಲೆ ಕ್ಲಿಕ್ ಮಾಡಿ, ಅದರ ಮೇಲೆಯೇ ಕೋಡ್ ಬರೆಯಿರಿ ಅಂತ. ನಾನು ಬಟನ್ ಆರಿಸಿದರೆ ತಂತ್ರಾಂಶ, ಇದಕ್ಕೆ ಕೋಡ್ ಹಚ್ಚಲು ಬರುವುದಿಲ್ಲ ಅನ್ನುತ್ತಿತ್ತು. ಮೂರು ವಾರ ಹೀಗೇ. ನನ್ನ ತಲೆಯೇ ಸರಿ ಇಲ್ಲ ಅಂತ ತೀರ್ಮಾನಕ್ಕೆ ಬಂದಿದ್ದೆ. ಕೊನೆಗೆ ಲ್ಯಾಬ್ ನೋಡಿಕೊಳ್ಳುತ್ತಿದ್ದ ಸರ್ ಒಬ್ಬರು ಭುಜದ ಮೇಲಿಂದ ಬಗ್ಗಿ ನೋಡಿ, "ಹೊಸ ಫೈಲ್ ತೆರೆಯೋವಾಗ ಆಕ್ಷನ್‌ಸ್ಕ್ರಿಪ್ಟ್ 3 ಆರಿಸಿದೀಯ ಕಣೋ, ನಿನ್ನ ಪುಸ್ತಕ ಇರೋದು 2ರದ್ದು" ಅಂದರು. ಒಂದು ಕ್ಲಿಕ್‌ನ ವಿಷಯ. ಪುಸ್ತಕದ್ದೇನೂ ತಪ್ಪಿಲ್ಲ, ಅದು ತನ್ನ ಕಾಲಕ್ಕೆ ಸರಿಯಾಗಿಯೇ ಇತ್ತು. ಯಾವ ಕಾಲದ್ದು ಅಂತ ನೋಡದೆ ತಂದವನು ನಾನು.

ದಪ್ಪ ಪುಸ್ತಕ ಒಳ್ಳೆಯದಾ, ತೆಳು ಪುಸ್ತಕ ಒಳ್ಳೆಯದಾ?

ತೆಳು. ಯೋಚನೆ ಮಾಡಬೇಡಿ. ಸಾವಿರ ಪುಟದ್ದು ನಿಘಂಟಿನ ಹಾಗೆ ಮೇಜಿನ ಮೇಲಿರಲು ಚೆನ್ನ, ಮೊದಲ ಪುಸ್ತಕವಾಗಿ ಅದು ಬರೀ ಭಾರ.

ಒಳ್ಳೆಯ ಪುಸ್ತಕ ಅಂತ ಒಂದು ಪುಟ ಓದಿ ಹೇಳಬಹುದಾ?

ಸುಮಾರು ಹೇಳಬಹುದು. ಈಸಿಂಗ್, ಅಂದರೆ ಚಲನೆ ಮೆಲ್ಲಗೆ ಶುರುವಾಗುವುದು, ಮೆಲ್ಲಗೆ ನಿಲ್ಲುವುದು, ಅದರ ಬಗ್ಗೆ ಬರೆದಿರುವ ಪುಟ ಹುಡುಕಿ. ಪುಸ್ತಕದ ಕೊನೆಯ ಪದಸೂಚಿಯಲ್ಲಿ ಸಿಗುತ್ತದೆ. ಸಾಮಾನ್ಯ ಪುಸ್ತಕ ಹೀಗೆ ಬರೆದಿರುತ್ತದೆ: ಈ ಪ್ಯಾನೆಲ್ ತೆರೆಯಿರಿ, ಈಸ್ ಔಟ್ ಆರಿಸಿ, ಓಕೆ ಒತ್ತಿ. ಒಳ್ಳೆಯ ಪುಸ್ತಕ ಯಾಕೆ ಅಂತಲೂ ಹೇಳುತ್ತದೆ. ಭಾರ ಇರುವ ಯಾವ ವಸ್ತುವೂ ಒಮ್ಮೆಗೇ ವೇಗ ಹಿಡಿಯುವುದಿಲ್ಲ, ಒಮ್ಮೆಗೇ ನಿಲ್ಲುವುದಿಲ್ಲ. ಸಿಟಿ ಬಸ್ ಬ್ರೇಕ್ ಹಾಕಿದಾಗ ಬಸ್ ನಿಂತ ಮೇಲೂ ಕಂಬಿ ಹಿಡಿದವರು ಮುಂದಕ್ಕೆ ವಾಲಿ ಮತ್ತೆ ಹಿಂದೆ ಬರುತ್ತಾರೆ, ಅಲ್ವಾ? ಅನಿಮೇಷನ್‌ನಲ್ಲಿ ಗೊಂಬೆ ನಿಂತ ಮೇಲೆ ಅದರ ಜಡೆ ಇನ್ನೂ ಸ್ವಲ್ಪ ತೂಗಬೇಕು ಅನ್ನುವುದು ಇದೇ ಕಾರಣಕ್ಕೆ.

ಇಂಥ ಹನ್ನೆರಡು ತತ್ವಗಳನ್ನು ಡಿಸ್ನಿಯ ಇಬ್ಬರು ಅನಿಮೇಟರ್‌ಗಳು, ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್ಸ್‌ಟನ್, 1981ರಲ್ಲಿ ಬರೆದಿಟ್ಟರು. ಆಗ ವೆಬ್ ಅನ್ನುವುದೇ ಇರಲಿಲ್ಲ. ಇವತ್ತಿಗೂ ಅದು ಹಳಸಿಲ್ಲ. ನಾನು ಪುಸ್ತಕ ನೋಡುವುದು ಹೀಗೆ: ಇದರಲ್ಲಿ ಬಟನ್ ಎಲ್ಲಿದೆ ಅಂತ ಹೇಳುವ ಪುಟ ಎಷ್ಟು, ಕಣ್ಣು ಕಲಿಸುವ ಪುಟ ಎಷ್ಟು? ಬಟನ್ ಮುಂದಿನ ಆವೃತ್ತಿಯಲ್ಲಿ ಬೇರೆ ಕಡೆ ಹೋಗುತ್ತದೆ. ಪುಟಿಯುವ ಚೆಂಡು ಮಾತ್ರ ಯಾವ ಆವೃತ್ತಿಯಲ್ಲೂ ನೆಲಕ್ಕೆ ತಾಗಿದಾಗ ಚಪ್ಪಟೆಯಾಗಲೇಬೇಕು.

ಇನ್ನೊಂದು ಪರೀಕ್ಷೆ, ಮೂರನೇ ಅಧ್ಯಾಯ. ಅಷ್ಟರೊಳಗೆ ಏನಾದರೂ ಒಂದು ಪೂರ್ತಿ ಓಡುವುದನ್ನು ನಿಮ್ಮ ಕೈಯಲ್ಲಿ ಮಾಡಿಸಿರಬೇಕು, ಚೆಂಡಾದರೂ ಸರಿ. ಮೂರು ಅಧ್ಯಾಯ ಬರೀ ಮೆನು, ಟೂಲ್‌ಬಾರ್ ಪರಿಚಯ ಮಾಡುವ ಪುಸ್ತಕ ಮದುವೆ ಮನೆಯಲ್ಲಿ ಊಟಕ್ಕೆ ಕೂರಿಸದೆ ನೆಂಟರ ಪರಿಚಯ ಮಾಡಿಸುತ್ತಲೇ ಇದ್ದ ಹಾಗೆ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆಗುತ್ತಾ?

ವೆಬ್ ಪುಟದ ಅನಿಮೇಷನ್‌ಗೆ ಧಾರಾಳವಾಗಿ ಆಗುತ್ತದೆ. ಚೌಕ, ವೃತ್ತ, ಅಕ್ಷರ ಚಲಿಸುವ ಕೆಲಸವೇ ಜಾಸ್ತಿ. ಗೊಂಬೆ ಮಾಡಬೇಕು ಅಂದರೆ ಚಿತ್ರ ಬೇಕು, ಅದಕ್ಕೆ ತಂತ್ರಾಂಶದ ಪುಸ್ತಕ ಕೊಳ್ಳುವ ಮೊದಲು ಒಂದು ಪೆನ್ಸಿಲ್, ಒಂದು ನೋಟ್‌ಬುಕ್ ಕೊಳ್ಳಿ. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು ಸರ್ರನೆ ತಿರುಗಿಸಿ ನೋಡುವ ಆಟ ಶಾಲೆಯಲ್ಲಿ ಆಡಿದ್ದೀರಲ್ಲ, ಅದೇ ಮೊದಲ ಪಾಠ.

ಯೂಟ್ಯೂಬ್‌ನಲ್ಲಿ ಎಲ್ಲ ಪುಕ್ಕಟೆ ಸಿಗುವಾಗ ಪುಸ್ತಕ ಯಾಕೆ?

ಒಂದು ಬಟನ್ ಎಲ್ಲಿದೆ ಅಂತ ಹುಡುಕಲು ವಿಡಿಯೊವೇ ಬೆಸ್ಟ್. ಆದರೆ ವಿಡಿಯೊದಲ್ಲಿ ಕೈ ಅವರದ್ದು ಓಡುತ್ತದೆ, ನಿಮ್ಮದಲ್ಲ. ನೋಡುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ, ಮುಚ್ಚಿ ತಾನೇ ಮಾಡಲು ಕೂತರೆ ಖಾಲಿ. ಪುಸ್ತಕ ಕಾಯುತ್ತದೆ. ನೀವು ಮಾಡದಿದ್ದರೆ ಅದೂ ಮುಂದೆ ಹೋಗುವುದಿಲ್ಲ. ಜೊತೆಗೆ, ಇದಾದ ಮೇಲೆ ಅದು ಎನ್ನುವ ಕ್ರಮವನ್ನು ಯಾರೋ ತಲೆ ಕೆಡಿಸಿಕೊಂಡು ಯೋಚಿಸಿ ಇಟ್ಟಿರುತ್ತಾರೆ. ಎರಡೂ ಇಟ್ಟುಕೊಳ್ಳಿ, ಜಗಳ ಏನಿಲ್ಲ.

ಸಿಎಸ್‌ಎಸ್ ಅನಿಮೇಷನ್ ಪುಸ್ತಕದಲ್ಲಿ ಯಾವ ವಿಷಯ ಇರಲೇಬೇಕು?

ಟ್ರಾನ್ಸಿಷನ್ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುವುದು), ಕೀಫ್ರೇಮ್ಸ್ (ಹಂತ ಹಂತವಾಗಿ ಬರೆದ ಚಲನೆ) ಹೇಗೂ ಇರುತ್ತವೆ. ನಾನು ಹುಡುಕುವುದು ಬೇರೆ ಮೂರು.

ಒಂದು, ಯಾವುದನ್ನು ಚಲಿಸಿದರೆ ಬ್ರೌಸರ್‌ಗೆ ಹಗುರ, ಯಾವುದು ಭಾರ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಟ್ರಾನ್ಸ್‌ಫಾರ್ಮ್ (ಸರಿಸುವುದು, ತಿರುಗಿಸುವುದು, ಹಿಗ್ಗಿಸುವುದು) ಮತ್ತು ಒಪಾಸಿಟಿ (ಎಷ್ಟು ಪಾರದರ್ಶಕ ಅನ್ನುವುದು) ಬದಲಿಸಿದರೆ ಬ್ರೌಸರ್ ಆ ಹೊತ್ತಿನಲ್ಲಿ ಆರಾಮಾಗಿ ಮುಗಿಸುತ್ತದೆ. ಅಗಲ, ಎತ್ತರ, ಎಡ-ಮೇಲಿನ ಅಂತರ ಬದಲಿಸಿದರೆ ಪುಟದ ಜೋಡಣೆಯನ್ನೇ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ, ಕಡಿಮೆ ಬೆಲೆಯ ಫೋನ್‌ನಲ್ಲಿ ಅದು ತಡವರಿಸುವುದು ಕಣ್ಣಿಗೇ ಕಾಣುತ್ತದೆ. ಈ ಮಾತು ಇಲ್ಲದ ಪುಸ್ತಕ ಲೇಖಕರ ದುಬಾರಿ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಚೆನ್ನಾಗಿ ಓಡುವ ಅನಿಮೇಷನ್ ಕಲಿಸುತ್ತದೆ.

ಎರಡು, ಚಲನೆ ಬೇಡ ಎನ್ನುವವರ ವಿಷಯ. ಪರದೆಯ ಮೇಲೆ ತುಂಬಾ ಅಲ್ಲಾಡಿದರೆ ಕೆಲವರಿಗೆ ತಲೆ ಸುತ್ತು ಬರುತ್ತದೆ, ವಾಂತಿ ಬಂದ ಹಾಗಾಗುತ್ತದೆ. ಅಂಥವರು ಫೋನ್ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡು ಅಂತ ಹಾಕಿರುತ್ತಾರೆ, ಅದನ್ನು ಗೌರವಿಸಲು ಸಿಎಸ್‌ಎಸ್‌ನಲ್ಲಿ ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್ ಅಂತ ಒಂದು ಸಾಲು ಇದೆ. ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿಂಚಬಾರದು, ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಓಡುವುದನ್ನು ನಿಲ್ಲಿಸಲು ದಾರಿ ಇರಬೇಕು ಅಂತ ವೆಬ್ ಸುಲಭಬಳಕೆಯ ನಿಯಮಾವಳಿಯಲ್ಲೂ ಇದೆ. ಮಿಂಚಿನ ನಿಯಮ ಅಪಸ್ಮಾರ ಇರುವವರ ಜೀವದ ಪ್ರಶ್ನೆ, ಸುಮ್ನೆ ಶಿಷ್ಟಾಚಾರ ಅಲ್ಲ.

ಮೂರು, ಎಸ್‌ವಿಜಿ, ಅಂದರೆ ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಗೆರೆಯ ಚಿತ್ರ. ಒಂದು ಅಧ್ಯಾಯವಾದರೂ ಇರಲಿ.

ಕನ್ನಡ ಅಕ್ಷರ ಚಲಿಸುವ ಹಾಗೆ ಮಾಡಬೇಕು. ಇದನ್ನು ಹೇಳಿಕೊಡುವ ಪುಸ್ತಕ?

ಈ ಪ್ರಶ್ನೆ ಕೇಳಿದವರಿಗೆ ನನ್ನಿಂದ ಒಂದು ಕಾಫಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅಕ್ಷರ ಒಂದೊಂದಾಗಿ ಮೂಡುವ ಟೈಪ್‌ರೈಟರ್ ಪಾಠ ಇದ್ದೇ ಇರುತ್ತದೆ. ಅದನ್ನು ಹಾಗೇ ಕನ್ನಡಕ್ಕೆ ಹಾಕಿದರೆ ಎಡವಟ್ಟು.

'ಕನ್ನಡ' ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಐದು: ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಡ. ಪುಸ್ತಕದ ಕೋಡ್ ಒಂದೊಂದೇ ತೋರಿಸುತ್ತಾ ಹೋದರೆ ಮೊದಲು 'ಕನ' ಬರುತ್ತದೆ, ಆಮೇಲೆ ಅದು 'ಕನ್' ಆಗುತ್ತದೆ, ಆಮೇಲೆ ಕೆಳಗೆ ಒತ್ತು ಮೂಡಿ 'ಕನ್ನ' ಆಗುತ್ತದೆ. ಓದುವವರಿಗೆ ಅಕ್ಷರ ನಡುಗಿದ ಹಾಗೆ ಕಾಣುತ್ತದೆ. ಒಂದೊಂದು ಅಕ್ಷರವನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಕುಣಿಸುವ ಪಾಠವಂತೂ ಇನ್ನೂ ಕಷ್ಟ, ಒತ್ತಕ್ಷರ ಒಡೆದು ಚೂರಾಗುತ್ತದೆ. ನನ್ನ ದಾರಿ ಸರಳ. ಕನ್ನಡದಲ್ಲಿ ಅಕ್ಷರವನ್ನು ಒಡೆಯಬೇಡಿ, ಪದವನ್ನೇ ಇಡಿಯಾಗಿ ಚಲಿಸಿ. ಪಾಠದಲ್ಲಿ ಅಕ್ಷರ ಅಂತ ಇರುವ ಕಡೆಯೆಲ್ಲ ಪದ ಅಂತ ಓದಿಕೊಳ್ಳಿ.

ತಂತ್ರಾಂಶ ಕೊಳ್ಳುವ ಮುಂಚೆ ಅದರ ಟ್ರಯಲ್‌ನಲ್ಲಿ 'ಕರ್ನಾಟಕ', 'ರಾಷ್ಟ್ರ', 'ಸ್ತ್ರೀ' ಈ ಮೂರು ಪದ ಅಂಟಿಸಿ ನೋಡಿ. ಅರ್ಕಾವತ್ತು ಜಾಗ ತಪ್ಪಿದರೆ, ಷ, ಟ, ರ ಒಂದರ ಕೆಳಗೊಂದು ಇಳಿಯದೆ ಸಾಲಾಗಿ ನಿಂತರೆ, ಆ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ. ಬಿಡಲಾಗದಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ಬರೆಯುವ ತಂತ್ರಾಂಶದಲ್ಲಿ ಪದ ಬರೆದು, ಅದನ್ನು ಪಾತ್ ಆಗಿ ಬದಲಿಸಿ, ಎಸ್‌ವಿಜಿ ಚಿತ್ರವಾಗಿ ತನ್ನಿ. ಆಗ ಅದು ಅಕ್ಷರ ಅಲ್ಲ, ಆಕಾರ, ಎಲ್ಲೂ ಒಡೆಯುವುದಿಲ್ಲ. ಹಾಂ, ನುಡಿ, ಬರಹ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ವೆಬ್‌ಗೆ ಹಾಗೇ ಹಾಕಬೇಡಿ. ಆ ಫಾಂಟ್ ಇಲ್ಲದವರಿಗೆ ಅದು ಕಾಣುವುದು ಗೀಚಿದ ಹಾಗೆ.

ಪುಸ್ತಕ ಕನ್ನಡದಲ್ಲೇ ಬೇಕು.

ನನಗೂ ಬೇಕು. ಸದ್ಯಕ್ಕೆ ಇಂಗ್ಲಿಷ್ ಪುಸ್ತಕವನ್ನೇ ಹಿಡಿಯಿರಿ. ಚಿತ್ರ ಜಾಸ್ತಿ, ವಾಕ್ಯ ಚಿಕ್ಕದು ಇರುವುದನ್ನು ಆರಿಸಿ. ನಾನು ಓದುವಾಗ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಈಸ್ ಇನ್ ಪಕ್ಕದಲ್ಲಿ 'ಮೆಲ್ಲಗೆ ಹೊರಡು', ಈಸ್ ಔಟ್ ಪಕ್ಕದಲ್ಲಿ 'ಮೆಲ್ಲಗೆ ನಿಲ್ಲು'. ಇವೆರಡು ಯಾವುದು ಯಾವುದು ಅಂತ ಇಂಗ್ಲಿಷ್‌ನಲ್ಲಿ ನನಗೆ ಯಾವಾಗಲೂ ಅದಲುಬದಲಾಗುತ್ತಿತ್ತು. ಕನ್ನಡದಲ್ಲಿ ಬರೆದ ಮೇಲೆ ಆಗಿಲ್ಲ.

ತಂತ್ರಾಂಶದ ಬಾಡಿಗೆ ದುಬಾರಿ. ಪುಸ್ತಕಕ್ಕೆ ಬೇರೆ ಖರ್ಚು ಮಾಡಲಾ?

ಅಡೋಬಿ ತಂತ್ರಾಂಶಗಳಿಗೆ ತಿಂಗಳ ಇಲ್ಲವೇ ವರ್ಷದ ಚಂದಾ ಕಟ್ಟಬೇಕು, ಕಟ್ಟುವುದು ನಿಲ್ಲಿಸಿದರೆ ತಂತ್ರಾಂಶವೂ ನಿಲ್ಲುತ್ತದೆ. ಆದ್ದರಿಂದ ಮೊದಲು ಪುಸ್ತಕ ತಂದು ಎರಡು ಅಧ್ಯಾಯ ಓದಿ, ಆಮೇಲೆ ಟ್ರಯಲ್ ಶುರು ಮಾಡಿ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ, ಮೆನು ನೋಡುವಷ್ಟರಲ್ಲಿ ಟ್ರಯಲ್ ಮುಗಿದಿರುತ್ತದೆ. ಹಾಗೇ, ಅನಿಮೇಟ್‌ಗೆ ಚಂದಾ ಕಟ್ಟುವ ದಿನ ಅದರ ಮುಂದಿನ ಯೋಜನೆ ಏನು ಅಂತ ಕಂಪನಿಯ ತಾಣದಲ್ಲಿ ಒಮ್ಮೆ ಓದಿ. ಫ್ಲ್ಯಾಶ್ ಕಥೆ ಮೇಲೆ ಹೇಳಿದೆನಲ್ಲ.

ಪುಕ್ಕಟೆಯಾಗಿ ಬೇಕಾದರೆ ಓಪನ್‌ಟೂನ್ಜ್, ಸಿನ್‌ಫಿಗ್, ಕ್ರಿಟಾ, ಬ್ಲೆಂಡರ್ ಇವೆ. ಓಪನ್‌ಟೂನ್ಜ್‌ನ ಮೂಲವಾದ ಟೂನ್ಜ್ ಜಪಾನಿನ ಘಿಬ್ಲಿ ಸ್ಟುಡಿಯೊ ಬಳಸಿದ ತಂತ್ರಾಂಶ, 2016ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸಿಎಸ್‌ಎಸ್‌ಗೆ ಒಂದು ಬ್ರೌಸರ್, ಒಂದು ನೋಟ್‌ಪ್ಯಾಡ್ ಸಾಕು. ಮೊಜಿಲ್ಲಾದ ಎಂಡಿಎನ್ ತಾಣದಲ್ಲಿ ಒಂದೊಂದು ಗುಣಕ್ಕೂ ಉಚಿತ ವಿವರಣೆ ಇದೆ, ಪುಸ್ತಕದ ಪಕ್ಕದಲ್ಲಿ ಅದನ್ನೂ ತೆರೆದಿಟ್ಟುಕೊಳ್ಳಿ.

ಮಗಳಿಗೆ ಹತ್ತು ವರ್ಷ. ಅವಳಿಗೆ ಯಾವುದು?

ಸ್ಕ್ರ್ಯಾಚ್. ಎಂಐಟಿಯವರು ಮಕ್ಕಳಿಗೆಂದೇ ಮಾಡಿದ್ದು, ಉಚಿತ. ಪುಸ್ತಕ ಕೊಳ್ಳುವುದಾದರೆ ಸ್ಕ್ರ್ಯಾಚ್ 3 ಅಂತ ಇರುವುದನ್ನು ಮಾತ್ರ ತನ್ನಿ. ಎರಡನೆಯ ಆವೃತ್ತಿ ಫ್ಲ್ಯಾಶ್ ಮೇಲೆ ನಿಂತಿತ್ತು, 2019ರ ಜನವರಿಯಲ್ಲಿ ಬಂದ ಮೂರನೆಯದು ಎಚ್‌ಟಿಎಂಎಲ್5 ಮೇಲೆ. ನೋಡಿ, ಮಕ್ಕಳ ಪುಸ್ತಕಕ್ಕೂ ತಾರೀಕು ಬಿಟ್ಟಿದ್ದಲ್ಲ.

ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆ, ಬರುತ್ತಿಲ್ಲ.

ನಿಮ್ಮ ತಪ್ಪೇ ಅಂತ ಕೂರಬೇಡಿ. ಪ್ರಕಾಶಕರ ತಾಣದಲ್ಲಿ ತಿದ್ದುಪಡಿಗಳ ಪುಟ ಇದೆಯಾ ನೋಡಿ, ಅಭ್ಯಾಸದ ಫೈಲ್‌ಗಳು ಇನ್ನೂ ಇಳಿಯುತ್ತವಾ ನೋಡಿ. ಇದನ್ನು ಕೊಳ್ಳುವ ಮೊದಲೇ ಅಂಗಡಿಯಲ್ಲಿ ಫೋನ್‌ನಲ್ಲಿ ನೋಡಿಬಿಟ್ಟರೆ ಇನ್ನೂ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಪುಸ್ತಕವಾದರೆ ಕಡ್ಡಾಯ, ಕೆಲವಕ್ಕೆ ಮೊದಲ ಮಾಲೀಕರಿಗೆ ಮಾತ್ರ ಕೆಲಸ ಮಾಡುವ ಕೋಡ್ ಇರುತ್ತದೆ.

ಓದಿ ಮುಗಿದ ಮೇಲೆ ಪುಸ್ತಕ ಮಾರಬಹುದಾ?

ಮಾರುವುದಾದರೆ ಬೇಗ ಮಾರಿ, ಮುಂದಿನ ಆವೃತ್ತಿ ಬಂದರೆ ತೂಕಕ್ಕೆ ಹೋಗುತ್ತದೆ. ನನ್ನ ಆ ಎಂಎಕ್ಸ್ 2004 ಇನ್ನೂ ಮನೆಯಲ್ಲಿದೆ. ಮಾನಿಟರ್ ಕೆಳಗೆ ಇಟ್ಟಿದ್ದೇನೆ, ಎತ್ತರ ಸರಿಯಾಗಿದೆ.